ಬಟ್ಟೆಯ ಸ್ಥಿತಿ

ನಮ್ಮ ಕಡೆ ಕಲ್ಲಿಲ್ಲ.
ಖುಲ್ನಾದಿಂದ ತೆಂಕಣಕ್ಕೆ ಎಷ್ಟು ಅಗೆದರೂ ಕೆಸರು,
ಕೆಸರಿನಡಿ ಇನ್ನೊಂದು, ಇನ್ನೂ ಹಳೆಯ ಕೆಸರು.
ಅದಕ್ಕೇ ಇಟ್ಟಿಗೆ ಸುಡುತ್ತೇವೆ, ಸುಟ್ಟದ್ದನ್ನು ಒಡೆಯುತ್ತೇವೆ,
ಒಡೆದ ಕೆಂಪು ಚೂರನ್ನೇ ಜಲ್ಲಿಯೆಂದು ಕರೆದು
ರಸ್ತೆ ಹಾಸುತ್ತೇವೆ.
ಎರಡು ಮಳೆಗಾಲ, ಅಷ್ಟೇ.
ಮಣ್ಣು ತನ್ನ ಮಣ್ಣನ್ನು ವಾಪಸ್ಸು ನುಂಗುತ್ತದೆ.

ಆ ವರ್ಷ ಸಿಗಡಿ ಹೊಂಡಗಳ ನಡುವಿನ ಏರಿಯ ಮೇಲೆ
ಮುನ್ನೂರು ಮೀಟರು ನಮಗೆ ಬಿಟ್ಟುಕೊಟ್ಟರು.
ಅರ್ಧಕ್ಕೆ ಕೆಸರಿನ ಮೇಲೆ ಸೆಣಬಿನ ಬಟ್ಟೆ, ಅದರ ಮೇಲೆ ಜಲ್ಲಿ.
ಇನ್ನರ್ಧಕ್ಕೆ ಬರೀ ಜಲ್ಲಿ.
ಡಾಂಬರು ಬಿದ್ದ ಮೇಲೆ ಎರಡೂ ಒಂದೇ ಕಪ್ಪು.
ಯಾವುದು ಉಟ್ಟದ್ದು, ಯಾವುದು ಬೆತ್ತಲೆ,
ಬದಿಯ ಗೂಟ ನೋಡದೆ ನನಗೂ ತಿಳಿಯದು.

ನಾನು ಸುತ್ತಿಗೆಯವನು. ಎಂಟು ಕಿಲೋ ಉಕ್ಕನ್ನು
ಸರಳಿನ ಗುಂಟ ಮೇಲೆತ್ತಿ ಕೈಬಿಡುವುದು,
ತುದಿಯ ಶಂಕು ಏಟಿಗೆ ಎಷ್ಟು ಮಿಲಿಮೀಟರು ಇಳಿಯಿತೆಂದು
ಕೂಗಿ ಹೇಳುವುದು.
ಏಳು. ಏಳು. ಎಂಟು. ಏಳು.
ಛತ್ರಿಯಡಿ ನಿಂತು ಬರೆದುಕೊಳ್ಳುತ್ತಿದ್ದ ಖೊಂದಕರ್ ಸಾಹೇಬರು
ಮೊದಲ ವರ್ಷ ಎರಡೂ ಪಟ್ಟಿ ಅಕ್ಕಪಕ್ಕ ಹಿಡಿದು ನಕ್ಕರು:
"ಬಟ್ಟೆಯ ದುಡ್ಡು ಕೆಸರಿಗೆ ಹೋಯಿತಲ್ಲೋ, ತೊಫಜ್ಜಲ್."

ಮೂರನೆಯ ಮಳೆ ಮುಗಿದಾಗ
ಬೆತ್ತಲೆ ಭಾಗದಲ್ಲಿ ಚಕ್ರದ ಜಾಡು ನಾಲ್ಕು ಬೆರಳು ಆಳ.
ಜಲ್ಲಿ ಕೆಳಗಿಳಿದಿತ್ತು, ಕೆಸರು ಮೇಲೇರಿತ್ತು,
ಹಾಲು ನೀರಿನ ಹಾಗೆ; ಯಾವ ಹಂಸ ಬಂದು ಬಿಡಿಸೀತು?
ಶಂಕು ಹತ್ತೊಂಬತ್ತು, ಇಪ್ಪತ್ತೆರಡು ಎಂದು ಜಾರಿತು.
ಇತ್ತ, ಗೂಟದ ಈಚೆ, ಜಾಡು ಒಂದೇ ಬೆರಳು.
ಆರು.
"ಮತ್ತೆ ಹೊಡಿ," ಅಂದರು. ಆರು.
"ಇನ್ನೊಂದು ಜಾಗ." ಐದು.
ಸಾಹೇಬರು ಛತ್ರಿ ಮಡಚಿದರು.

ಬಟ್ಟೆಯನ್ನು ಕಣ್ಣಾರೆ ನೋಡಲೆಂದು ಗುಂಡಿ ತೋಡಿಸಿದ ದಿನ
ಸುಫಲಾ ಮಂಡಲ್ ನನ್ನ ಗಾಡಿಯ ಹಿಂದೆ ಕೂತು ಬಂದಳು.
ಆ ಥಾನು ನೆಯ್ದ ಗಿರಣಿಯಲ್ಲಿ ಇಪ್ಪತ್ತಾರು ವರ್ಷ ಮಗ್ಗ ನಡೆಸಿದವಳು.
ಗಿರಣಿಗೆ ಈಗ ಬೀಗ.
"ಸಕ್ಕರೆ ಚೀಲವಾದದ್ದು ನೋಡಿದ್ದೇನೆ, ಅಕ್ಕಿ ಚೀಲವಾದದ್ದೂ.
ರಸ್ತೆಯಾದದ್ದು ಹೇಗಿದೆಯೋ ನೋಡುತ್ತೇನೆ," ಅಂದಿದ್ದಳು.

ಡಾಂಬರು ಕಿತ್ತೆವು. ಜಲ್ಲಿ ಬಗೆದೆವು, ಕಡೆಕಡೆಗೆ ಬರಿಗೈಯಲ್ಲೇ.
ಬಟ್ಟೆ ಇರಲಿಲ್ಲ.
ಒಂದಿಷ್ಟು ಕಂದು ನಾರು, ಬೆರಳಲ್ಲಿ ಉಜ್ಜಿದರೆ ಪುಡಿ,
ಸೋಸಿ ಬಿಸಾಡಿದ ಚಹಾದ ಚರಟದಂತೆ.

ಸಾಹೇಬರು ಹೇಳಿದ್ದು ಇಷ್ಟು:
ಇದ್ದಷ್ಟು ದಿನ ಅದು ನೀರನ್ನು ಬಿಟ್ಟಿತು, ಮಣ್ಣನ್ನು ಬಿಡಲಿಲ್ಲ.
ಅದು ಕೊಳೆಯುವ ಹೊತ್ತಿಗೆ
ಕೆಸರು ನಿಲ್ಲುವುದನ್ನು ಕಲಿತಿತ್ತು.

ಸುಫಲಾ ಕೇಳಿಸಿಕೊಂಡಳೋ ಇಲ್ಲವೋ.
ಮೊಣಕಾಲೂರಿ ಸೆರಗಿನ ತುದಿಯಿಂದ ಧೂಳು ಒರೆಸಿದಳು.
ಗಟ್ಟಿ ಜೇಡಿಯ ಮೇಲೆ ಅಚ್ಚು:
ಗೆರೆಯ ಮೇಲೆ ಗೆರೆ, ಹಾಸು, ಹೊಕ್ಕು,
ಚಾಪೆಯ ಮೇಲೆ ಮಲಗೆದ್ದ ಕೂಸಿನ ಕೆನ್ನೆಯ ಹಾಗೆ.
ಅವಳ ಬೆರಳು ಅದರ ಮೇಲೆ ನಡೆಯುತ್ತ ಹೋಯಿತು.
ನಿಂತಿತು.
"ಇಲ್ಲಿ ಒಂದೆಳೆ ತಪ್ಪಿದೆ.
ರಾತ್ರಿ ಪಾಳಿಯವರದು. ನನ್ನದಲ್ಲ."
ಬಹಳ ಹೊತ್ತಿನ ಮೇಲೆ,
"ನನ್ನದೂ ಇರಬಹುದು."

ಫಾರಮ್ಮಿನಲ್ಲಿ ಒಂದು ಸಾಲು ಇದೆ, ಬಟ್ಟೆಯ ಸ್ಥಿತಿ:
ಉತ್ತಮ, ಹರಿದಿದೆ, ಕೊಳೆತಿದೆ. ಒಂದಕ್ಕೆ ಗುರುತು ಹಾಕಬೇಕು.
ಸಾಹೇಬರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು.

ಸಂಜೆ ಗುಂಡಿ ಮುಚ್ಚಿದೆ. ಅದೇ ಕೆಂಪು ಚೂರು, ಅದೇ ಗುದ್ದು.
ಒಂದು ಹಾಸಿಗೆಯಗಲದ ಆ ಅಚ್ಚನ್ನು ಅಳಿಸಿದವನೂ ನಾನೇ.
ಮುಂದಿನ ಮಳೆಗೆ ರಸ್ತೆ ಕುಸಿದರೆ ಅಲ್ಲೇ ಕುಸಿಯುತ್ತದೆ,
ನಾವು ನೋಡಿದ ಕಡೆ.

ಸುಫಲಾ ಎಲೆಯಡಿಕೆ ಹಾಕಿಕೊಂಡು ಗಾಡಿ ಹತ್ತಿದಳು.
ಎದುರಿಗೆ ಸಿಗಡಿಯ ಲಾರಿ, ಉಪ್ಪುನೀರು ಸುರಿಸುತ್ತ,
ಗೂಟದಾಚೆ ತೂಗಾಡಿ ತೂಗಾಡಿ ಬಂದದ್ದು
ಗೂಟ ದಾಟಿದ್ದೇ
ಗೇರು ಬದಲಿಸಿತು.